ಭಯ ಹೋದ ಮೇಲೂ ಟೋಪಿ ಇರಲಿ

ಚರ್ಮದ ಕ್ಯಾನ್ಸರ್‌ನಿಂದ ಗುಣವಾದವರು ಬಿಸಿಲಿಗೆ ಸದಾ ಹೆದರುತ್ತಾರೆ ಅಂತ ನೀವೂ ಅಂದುಕೊಂಡಿರಬಹುದು. ಹಾಗೇನಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯೊಂದರ ಮಾಹಿತಿಯನ್ನು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ವಿಶ್ಲೇಷಿಸಿದರು. ಮೆಲನೋಮಾದಿಂದ ಪಾರಾದವರಲ್ಲೇ ಕಾಲುಭಾಗಕ್ಕೂ ಹೆಚ್ಚು ಜನ ಸನ್‌ಸ್ಕ್ರೀನ್ ಹಚ್ಚುತ್ತಲೇ ಇರಲಿಲ್ಲ! ಒಮ್ಮೆ ಬಂದವರಿಗೆ ಇನ್ನೊಂದು ಮೆಲನೋಮಾ ಬರುವ ಅಪಾಯ ಉಳಿದವರಿಗಿಂತ ಹೆಚ್ಚು ಅನ್ನೋದು ಗೊತ್ತಿದ್ದೂ ಹೀಗೆ.

ಯಾಕೆ ಅಂತ ನನಗೆ ಅರ್ಥವಾಗಿದ್ದು ಆಫೀಸಿನಲ್ಲಿ. ನಾನು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ಟೀಮಿನ ಹಿರಿಯರೊಬ್ಬರಿಗೆ ಐದು ವರ್ಷದ ಹಿಂದೆ ಹೆಗಲ ಮೇಲಿದ್ದ ಮೆಲನೋಮಾ ತೆಗೆದಿದ್ದರು. "ಮೊದಲ ವರ್ಷ ಕಿಟಕಿ ಪಕ್ಕ ಕೂರೋಕೂ ಹೆದರ್ತಿದ್ದೆ. ಎರಡನೇ ವರ್ಷ ಚೆಕಪ್ ಹತ್ತಿರ ಬಂದಾಗ ಮಾತ್ರ ಭಯ. ಮೂರನೇ ವರ್ಷ ಟೋಪಿ ಕಾರಿನ ಡಿಕ್ಕಿ ಸೇರಿತ್ತು" ಅಂತ ಒಮ್ಮೆ ಹೇಳಿದರು. ಆ ವರ್ಷದ ಚೆಕಪ್‌ನಲ್ಲಿ ಕಿವಿಯ ಅಂಚಿನಲ್ಲಿ ಬೇರೆ ಬಗೆಯ ಚರ್ಮದ ಕ್ಯಾನ್ಸರ್ ಸಿಕ್ಕಿತು. ಬೇಗ ಗೊತ್ತಾಗಿದ್ದರಿಂದ ಸಣ್ಣ ಶಸ್ತ್ರಚಿಕಿತ್ಸೆಯಲ್ಲೇ ಮುಗಿಯಿತು. "ಇದು ಎಷ್ಟೋ ವರ್ಷದ ಬಿಸಿಲಿನ ಹಳೇ ಬಾಕಿ. ಹೊಸದು ಸೇರಿಸಬೇಡಿ" ಅಂದರಂತೆ ಡಾಕ್ಟರು.

ಅಂದಿನಿಂದ ಅವರ ಸನ್‌ಸ್ಕ್ರೀನ್ ಟೂತ್‌ಬ್ರಶ್ ಪಕ್ಕದಲ್ಲಿರುತ್ತೆ. ಅಗಲ ಅಂಚಿನ ಟೋಪಿ ಮನೆಬಾಗಿಲ ಬಳಿ, ಕಾರಿನ ಕೀ ಜೊತೆ. ಹೊರಗಿದ್ದರೆ ಮತ್ತೆ ಹಚ್ಚಿಕೊಳ್ಳಲು ಎರಡು ಗಂಟೆಗೊಮ್ಮೆ ಫೋನ್ ಅಲಾರಂ. ಯುವಿ ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು ಅನ್ನುತ್ತಾರೆ ಇಲ್ಲಿ. ಬ್ರಿಸ್ಬೇನ್‌ನಲ್ಲಿ ಚಳಿಗಾಲದ ಮಧ್ಯಾಹ್ನವೂ ಅಷ್ಟಾಗುತ್ತದೆ. ಹಾಗಾಗಿ ಸೆಖೆ ಇಲ್ಲ, ಮೋಡ ಇದೆ ಅಂತೆಲ್ಲ ಅವರು ಲೆಕ್ಕ ಹಾಕುತ್ತಾ ಕೂರಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅಮ್ಮ, "ನಾವು ಹೊಲದ ಬಿಸಿಲಲ್ಲೇ ಬೆಳೆದೋರು, ನಮಗೇನಾಯ್ತೋ?" ಅಂತಾಳೆ. ನಿಜ, ನಮ್ಮ ಕಂದು ಚರ್ಮದ ಮೆಲನಿನ್ ನಮ್ಮನ್ನು ಬಹಳಷ್ಟು ಕಾಪಾಡುತ್ತದೆ. ಆದರೆ ನಮ್ಮಂಥವರಲ್ಲಿ ಮೆಲನೋಮಾ ಬಂದರೆ ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಅಲ್ಲಿಗೆ ಸನ್‌ಸ್ಕ್ರೀನ್ ಸಾಲದು, ಕಣ್ಣೇ ಬೇಕು. ಸ್ನಾನ ಮಾಡುವಾಗ ಅಂಗಾಲನ್ನೂ ಒಮ್ಮೆ ನೋಡಿಕೊಳ್ಳಿ. ಹೊಸ ಕಪ್ಪು ಮಚ್ಚೆ ಬೆಳೆಯುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಚರ್ಮದ ಕ್ಯಾನ್ಸರ್ ಗೆದ್ದವರು ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಇದ್ದರೆ ಪದೇ ಪದೇ ಹೆದರಿಸಬೇಡಿ, ಭಯ ಹೆಚ್ಚು ದಿನ ನಿಲ್ಲಲ್ಲ. ಹೊರಗೆ ಹೊರಟಾಗ ಅವರ ಟೋಪಿಯನ್ನು ಕೈಗೆ ಕೊಡಿ, ಸಾಕು.