ಮೊದಲ ರಾತ್ರಿಯ ಎಚ್ಚರ

ನಮ್ಮ ಅತ್ತಿಗೆಯವರು ತಮ್ಮ 58ನೆಯ ವಯಸ್ಸಿನಲ್ಲಿ ಮುಖದ ಸುಕ್ಕು ಬಿಗಿಗೊಳಿಸುವ ಫೇಸ್‌ಲಿಫ್ಟ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆರೈಕೆಗೆ ಆಸ್ಪತ್ರೆಯಲ್ಲಿ ನಾನು ಉಳಿದೆನು. ಅಂದು ರಾತ್ರಿ ಅವರ ಬಲಗೆನ್ನೆ ಮಾತ್ರ ಬಿಗಿದು ಊದಿಕೊಂಡಿತು. ನೋವು ಏರುತ್ತಲೇ ಹೋಯಿತು. ಕೂಡಲೇ ವೈದ್ಯರನ್ನು ಕರೆಸಿದೆನು. ಚರ್ಮದಡಿ ಶೇಖರವಾಗಿದ್ದ ರಕ್ತವನ್ನು ಅವರು ಹೊಲಿಗೆ ಬಿಚ್ಚಿ ಹೊರತೆಗೆದರು. ತಡವಾದರೆ ಮೇಲಿನ ಚರ್ಮವೇ ನಿರ್ಜೀವವಾಗಬಹುದಂತೆ. ಈ ತೊಡಕು ಹೆಚ್ಚಾಗಿ ಮೊದಲ 24 ಗಂಟೆಗಳಲ್ಲಿಯೇ ತಲೆದೋರುವುದು. ಅಧಿಕ ರಕ್ತದೊತ್ತಡವುಳ್ಳವರಿಗೆ ಅಪಾಯ ಹೆಚ್ಚು.

ಬಾವು, ಕಂದುಗಟ್ಟಿದ ಕಲೆಗಳು ಮೂರು ವಾರಗಳಲ್ಲಿ ಇಳಿದವು. ಕಿವಿಯ ಸುತ್ತಲಿನ ಜೋಮು ಹೋಗಲು ತಿಂಗಳುಗಳೇ ಹಿಡಿದವು. ಕನ್ನಡಿ ನೋಡಿ ಅವರು ಕಣ್ಣೀರಿಟ್ಟ ದಿನಗಳೂ ಉಂಟು. ದಿಂಬೇರಿಸಿ ಮಲಗಿಸುವುದು, ರಕ್ತದೊತ್ತಡದ ಮಾತ್ರೆ ತಪ್ಪದಂತೆ ನೋಡುವುದು, ಧೈರ್ಯ ಹೇಳುವುದು ಇವಿಷ್ಟೇ ನನ್ನಿಂದಾದ ಸೇವೆ. ಇಂತಹ ಚಿಕಿತ್ಸೆ ಬೇಕೇ ಎಂಬ ವಿಚಾರ ಮೊದಲೇ ಆಗಲಿ. ಆದ ಮೇಲೆ ಟೀಕೆ ಬೇಡ, ಆರೈಕೆ ಇರಲಿ.