ಲಕ್ಷದ್ವೀಪಕ್ಕೆ ಹೊರಡುವ ಗೃಹಸ್ಥರಿಗೆ

ದ್ವೀಪಯಾತ್ರೆಯೆಂಬುದು ನಮ್ಮ ಸೀಮೆಯವರಿಗೆ ಹೊಸದಲ್ಲ. ಕಾಶಿಗೆ ಹೋಗಿ ಬಂದವರು ರಾಮೇಶ್ವರವನ್ನೂ ನೋಡದ ಹೊರತು ಯಾತ್ರೆ ಪೂರ್ಣವಾಗದೆಂದು ನಮ್ಮ ಹಿರಿಯರು ನಂಬಿದ್ದರಷ್ಟೆ. ಆ ರಾಮೇಶ್ವರವು ಪಂಬನ್ ದ್ವೀಪದಲ್ಲಿರುವ ಕ್ಷೇತ್ರ. ಈಗ ಕಾಲ ಬೇರೆಯಾಗಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳು ತುಮಕೂರು, ಗುಬ್ಬಿ, ಕುಣಿಗಲ್ಲುಗಳಲ್ಲಿರುವ ತಂದೆತಾಯಿಗಳಿಗೆ, ಮೊಣಕಾಲು ಗಟ್ಟಿಯಿರುವಾಗಲೇ ಒಮ್ಮೆ ಸಮುದ್ರವನ್ನು ನೋಡಿ ಬನ್ನಿರೆಂದು ಪ್ಯಾಕೇಜು ಪ್ರವಾಸವನ್ನು ಗೊತ್ತುಮಾಡಿ ಕಳುಹಿಸುತ್ತಾರೆ. ಕಳೆದ ಮಾಘಮಾಸದಲ್ಲಿ ನಾವು ದಂಪತಿಗಳು, ಗುಬ್ಬಿಯ ಬೀಗರಿಬ್ಬರು, ಕುಣಿಗಲ್ಲಿನ ವೃದ್ಧಮಿತ್ರರೊಬ್ಬರು, ಹೀಗೆ ಐವರು ಲಕ್ಷದ್ವೀಪವನ್ನು ಕಂಡು ಬಂದೆವು. ಅಂದಿನಿಂದ ವಿಚಾರಿಸುವವರು ಬಹುಮಂದಿ. ಅವರೆಲ್ಲರಿಗೂ ಉಪಯೋಗವಾಗಲೆಂದು ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

‘ದ್ವಿ’ ಎಂದರೆ ಎರಡು, ‘ಅಪ್’ ಎಂದರೆ ನೀರು. ಎರಡು ಕಡೆಯೂ ನೀರುಳ್ಳುದು ದ್ವೀಪ. ಲಕ್ಷವೆಂಬುದು ಹೆಸರಿನಲ್ಲಿ ಮಾತ್ರ. ಎಣಿಕೆಗೆ ಬಂದವು 36, ಜನವಸತಿಯಿರುವವು 10, ಎಲ್ಲವನ್ನೂ ಕೂಡಿಸಿದರೂ ನೆಲ 32 ಚದರ ಕಿಲೋಮೀಟರು. ಆ 36ರಲ್ಲಿ ಪರಲಿ ಎಂಬ ಹೆಸರಿನ ಒಂದು ಪುಟ್ಟ ದ್ವೀಪವನ್ನು ಸಮುದ್ರವು ಸಂಪೂರ್ಣವಾಗಿ ಕೊರೆದು ನುಂಗಿತೆಂದು 2017ರಲ್ಲಿ ವರದಿಯಾಯಿತು. ಕನ್ನಡನಾಡಿಗೂ ಈ ದ್ವೀಪಗಳಿಗೂ ಹಳೆಯ ನಂಟುಂಟು. ಅಮಿನಿ ಮೊದಲಾದ ಉತ್ತರದ ದ್ವೀಪಗಳು 1787ರಲ್ಲಿ ಟಿಪ್ಪು ಸುಲ್ತಾನನ ಆಡಳಿತಕ್ಕೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಇಂಗ್ಲಿಷರ ವಶವಾಗಿ, 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಹೊಂದಿಕೊಂಡಿದ್ದವು. ಅಲ್ಲಿನ ತೆಂಗಿನ ನಾರು ಮಂಗಳೂರಿಗೆ ಬಂದು, ಮಂಗಳೂರಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು.

ಇನ್ನು ವ್ಯವಹಾರದ ಮಾತು. ಪ್ರವಾಸದ ಏಜೆಂಟರು “ಸಕಲವೂ ಸೇರಿದೆ” ಎಂದು ಹೇಳುವುದು ವಾಡಿಕೆ. ಆ ಸಕಲದಲ್ಲಿ ಏನೇನು ಸೇರಿದೆಯೆಂದು ಬರವಣಿಗೆಯಲ್ಲಿ ಪಡೆಯತಕ್ಕುದು. ನಾವು ಹಾಗೆ ಕೇಳಿದಾಗ, ಊರಿನಿಂದ ಕೊಚ್ಚಿಯ ವರೆಗಿನ ರೈಲುವೆಚ್ಚವೂ ಅಲ್ಲಿ ಒಂದು ರಾತ್ರಿಯ ತಂಗುವಿಕೆಯೂ ಲೆಕ್ಕದಿಂದ ಹೊರಗಿರುವುದು ತಿಳಿದುಬಂತು. ಆದುದರಿಂದ ಹಣವನ್ನು ಕೊಡುವ ಮೊದಲೇ ಐದು ಪ್ರಶ್ನೆಗಳನ್ನು ಕೇಳಿರಿ. ಲೆಕ್ಕವು ಯಾವ ಊರಿನಿಂದ ಆರಂಭವಾಗುವುದು? ಪರವಾನಗಿಯನ್ನು ಮಾಡಿಸುವವರು ಯಾರು? ಹಡಗಿನಲ್ಲಿ ದೊರೆಯುವುದು ಮಲಗುವ ಕೋಣೆಯೋ, ಬರಿಯ ಆಸನವೋ? ಶಾಕಾಹಾರವು ದಿನವೂ ಸಿಕ್ಕುವುದೋ? ಸಮುದ್ರವು ಕೆರಳಿ ಹಡಗು ಹೊರಡದಿದ್ದರೆ ಹಣವೆಷ್ಟು ಹಿಂದಕ್ಕೆ ಬರುವುದು? ಕಡೆಯ ಪ್ರಶ್ನೆಯೇ ಮುಖ್ಯವಾದುದು. ಮೇ ತಿಂಗಳ ನಡುವಿನಿಂದ ಸೆಪ್ಟೆಂಬರಿನ ವರೆಗೆ ಮಳೆಗಾಲದ ಸಮುದ್ರವು ಪ್ರವಾಸಕ್ಕೆ ಅನುಕೂಲವಲ್ಲ; ಅಕ್ಟೋಬರಿನಿಂದ ಏಪ್ರಿಲಿನ ವರೆಗೆ ಪ್ರಶಸ್ತ.

ಲಕ್ಷದ್ವೀಪವು ನಮ್ಮ ದೇಶದ್ದೇ ಆದರೂ ಹೊರಗಿನವರು ಪ್ರವೇಶದ ಪರವಾನಗಿಯಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ. 1967ರ ನಿಯಮಗಳಿಂದ ಬಂದ ಕಟ್ಟಳೆಯಿದು. ಗುರುತಿನ ಪತ್ರ, ಭಾವಚಿತ್ರಗಳನ್ನು ಕೇಳುವರು. ಪೊಲೀಸರ ಪ್ರಮಾಣಪತ್ರವನ್ನು ಕೇಳುವುದೂ ಉಂಟು. ಹೊರಡುವುದಕ್ಕೆ ಒಂದೆರಡು ತಿಂಗಳು ಮೊದಲೇ ಈ ಕೆಲಸಕ್ಕೆ ತೊಡಗುವುದು ಲೇಸು. ವಿದೇಶದ ಪೌರತ್ವವನ್ನು ಪಡೆದ ಮಕ್ಕಳು ಜೊತೆಗಿದ್ದರೆ ಅವರಿಗೆ ನಿಯಮವೇ ಬೇರೆ. ಎಲ್ಲ ದ್ವೀಪಗಳೂ ಅವರಿಗೆ ತೆರೆದಿಲ್ಲ.

ನಮ್ಮ ಊರುಗಳವರು ಮೊದಲು ಬೆಂಗಳೂರನ್ನು ಸೇರಿ, ಅಲ್ಲಿಂದ ರೈಲಿನಲ್ಲಿ ಎರ್ನಾಕುಲಕ್ಕೆ ಹೋಗತಕ್ಕುದು. ಈಗ ಕನ್ಯಾಕುಮಾರಿಯ ವರೆಗೆ ಓಡುವ ರೈಲನ್ನು ಹಳಬರು ಇಂದಿಗೂ ಐಲ್ಯಾಂಡ್ ಎಕ್ಸ್‌ಪ್ರೆಸ್ ಎನ್ನುವರು. ಅದು ಹಿಂದೆ ಕೊಚ್ಚಿಯ ವಿಲ್ಲಿಂಗ್‌ಡನ್ ದ್ವೀಪದ ಬಂದರಿನ ನಿಲ್ದಾಣದ ವರೆಗೆ ಹೋಗುತ್ತಿದ್ದುದರಿಂದ ಬಂದ ಹೆಸರು. ಲಕ್ಷದ್ವೀಪದ ಹಡಗು ಹೊರಡುವುದೂ ಆ ವಿಲ್ಲಿಂಗ್‌ಡನ್ ದ್ವೀಪದಿಂದಲೇ. ಕೊಚ್ಚಿಯಿಂದ ಅಗತ್ತಿಗೆ ವಿಮಾನವೂ ಉಂಟು. ಆದರೆ ಸಣ್ಣದು, ಸ್ಥಳ ಕಡಿಮೆ. ಹಡಗಿಗೆ ದ್ವೀಪದ ದೂರವನ್ನನುಸರಿಸಿ 14ರಿಂದ 18 ಗಂಟೆ ಹಿಡಿಯುವುದು.

ಹಡಗಿನಲ್ಲಿ ತಲೆ ಸುತ್ತುವವರು ವೈದ್ಯರನ್ನು ಕೇಳಿ ಗುಳಿಗೆಯನ್ನು ಮೊದಲೇ ನುಂಗಬೇಕು. ಹಡಗಿನ ನಡುಭಾಗದಲ್ಲಿ ಕುಳಿತು ದಿಗಂತವನ್ನು ನೋಡುತ್ತಿದ್ದರೆ ಬಾಧೆ ಕಡಿಮೆ. ವೃದ್ಧರು ಯೋಚಿಸಬೇಕಾದುದು ಮತ್ತೊಂದುಂಟು. ಎಷ್ಟೋ ಕಡೆ ಹಡಗು ದಡಕ್ಕೆ ಬಾರದೆ ಹವಳದ ದಿಬ್ಬದ ಹೊರಗೇ ನಿಲ್ಲುವುದು. ಅಲೆಯ ಮೇಲೆ ಏಳುತ್ತ ಬೀಳುತ್ತ ಇರುವ ದೋಣಿಗೆ ಹಡಗಿನ ಪಕ್ಕದ ಬಾಗಿಲಿನಿಂದ ಕಾಲಿಡಬೇಕು. ನಾವಿಕರು ರಟ್ಟೆಯನ್ನು ಹಿಡಿದು ಇಳಿಸುವರಾದರೂ ಮೊಣಕಾಲು ಮಾತು ಕೇಳಬೇಕಷ್ಟೆ. ಮಿನಿಕಾಯಿಯಲ್ಲಿ ಅಲೆ ಜೋರಾಗಿದ್ದುದರಿಂದ ನಮ್ಮ ಕುಣಿಗಲ್ಲಿನ ಮಿತ್ರರು ಹಡಗಿನಲ್ಲಿಯೇ ಉಳಿದರು. “ದೀಪಸ್ತಂಭವನ್ನು ಇಲ್ಲಿಂದಲೇ ನೋಡಿದೆ, ಸಾಕು” ಎಂದರು. ಅವರ ಕಣ್ಣಿನಲ್ಲಿ ಕೊರಗಿತ್ತು. ಹೋಗಬೇಕೆಂದಿರುವವರು ಹತ್ತು ವರ್ಷ ಮೊದಲೇ ಹೋಗಲೆಂದು ಹೇಳುವುದಕ್ಕೆ ಇದೇ ಕಾರಣ.

ದಿನವೂ ಸೇವಿಸುವ ಔಷಧವನ್ನು ಪ್ರವಾಸದ ದಿನಗಳಿಗಿಂತ ಒಂದು ವಾರಕ್ಕೆ ಹೆಚ್ಚಾಗಿ ಒಯ್ಯಿರಿ. ಗಂಭೀರ ರೋಗಿಗಳನ್ನು ಅಲ್ಲಿಂದ ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸುವ ಪರಿಸ್ಥಿತಿಯಿರುವುದರಿಂದ, ಹೃದ್ರೋಗವುಳ್ಳವರು ವೈದ್ಯರ ಒಪ್ಪಿಗೆಯಿಲ್ಲದೆ ಹೊರಡಬಾರದು. ಕೈಯಲ್ಲಿ ನಗದು ಇರಲಿ. ಹತ್ತಿಯ ಬಟ್ಟೆ, ಕೊಡೆ, ಜಾರದ ಪಾದರಕ್ಷೆ ಸಾಕು. ಹವಳದ ತುಂಡನ್ನು, ಸತ್ತುದಾದರೂ, ಆರಿಸಿ ತರುವುದು ಅಪರಾಧ. ಮೊಮ್ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿರಿ.

2011ರ ಜನಗಣತಿಯಂತೆ ಅಲ್ಲಿನ ಜನ 64,473, ಬಹುಮಟ್ಟಿಗೆ ಮುಸಲ್ಮಾನರು. ಮಿನಿಕಾಯಿಯಲ್ಲಿ ಮಹಲ್ ಭಾಷೆ, ಉಳಿದೆಡೆ ಮಲೆಯಾಳದ ಒಂದು ಬಗೆ. ಸಭ್ಯವಾದ ಉಡುಪನ್ನೂ ಮೆಲುಮಾತನ್ನೂ ಅವರು ಮೆಚ್ಚುವರು. ನಮ್ಮ ಊರಿನವರಿಗೆ ಅದು ಕಷ್ಟವಲ್ಲ. ಎಲ್ಲಿ ನೋಡಿದರೂ ತೆಂಗು. ಗುಬ್ಬಿಯ ಬೀಗರು ಮರದ ಮೇಲೆ ಕೈಯಿಟ್ಟು, ತಿಪಟೂರಿನ ಸಂತೆಯಲ್ಲಿ ನಿಂತವರಂತೆ ಕಾಯಿಯ ಲೆಕ್ಕ ಹಾಕತೊಡಗಿದರು.

ಎಲ್ಲಕ್ಕೂ ಮಿಗಿಲಾಗಿ ಹೇಳಬೇಕಾದುದು ನೀರಿನ ವಿಷಯ. ಅಲ್ಲಿ ನದಿಯಿಲ್ಲ, ಹಳ್ಳವಿಲ್ಲ. ಮಳೆಯ ನೀರು ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೆಳುವಾಗಿ ತೇಲುತ್ತಿರುವುದು. ಶಾಸ್ತ್ರಜ್ಞರ ಲೆಕ್ಕದಂತೆ, ಸಿಹಿನೀರಿನ ಮಟ್ಟವು ಮೇಲೆ ಒಂದು ಅಡಿ ಇಳಿದರೆ ಕೆಳಗಿನ ಉಪ್ಪು ನಲವತ್ತು ಅಡಿ ಏರಿ ಬರುವುದು. ಈ ಕೊರತೆಯನ್ನು ನೀಗಲು 2005ರಲ್ಲಿ ಕವರತ್ತಿಯಲ್ಲಿ, ದಿನಕ್ಕೆ 1 ಲಕ್ಷ ಲೀಟರು ಸಿಹಿನೀರನ್ನು ಕೊಡತಕ್ಕ ಯಂತ್ರವನ್ನು ಸ್ಥಾಪಿಸಿದರು. ಮೇಲಿನ ಬೆಚ್ಚನೆಯ ಕಡಲನೀರನ್ನು ಗಾಳಿ ತೆಗೆದ ಪಾತ್ರೆಯಲ್ಲಿ ಆವಿಯಾಗಿಸಿ, ಆಳದಿಂದೆತ್ತಿದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುವ ಉಪಾಯವದು.

ಒಂದು ಕಡೆ ನಮ್ಮ ತಂಡದವರೊಬ್ಬರು ಕಾಲಿನ ಮರಳನ್ನು ತೊಳೆಯುವುದಕ್ಕೆ ನಲ್ಲಿಯನ್ನು ಬಿಟ್ಟು ಮಾತಿನಲ್ಲಿ ಮೈಮರೆತಿದ್ದರು. ದ್ವೀಪದ ವೃದ್ಧೆಯೊಬ್ಬಳು ಏನನ್ನೂ ಹೇಳದೆ ಬಂದು ನಲ್ಲಿಯನ್ನು ನಿಲ್ಲಿಸಿ, ಒಂದು ಚೊಂಬು ನೀರನ್ನು ಅವರ ಕೈಗಿತ್ತು ನಕ್ಕಳು. ಅವಳ ಭಾಷೆ ನಮಗೆ ಬಾರದಾದರೂ ಅರ್ಥವಾಯಿತು. ಸಾವಿರ ಅಡಿ ಕೊರೆಯಿಸಿ ಧೂಳನ್ನು ಕಂಡ ಕೊಳವೆಬಾವಿಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿಲ್ಲ! ಕುಣಿಗಲ್ಲಿನ ದೊಡ್ಡಕೆರೆಯೂ ತುಮಕೂರಿನ ಅಮಾನಿಕೆರೆಯೂ ತುಂಬುವುವೋ ಇಲ್ಲವೋ ಎಂದು ವರ್ಷವೂ ಹೇಮಾವತಿಯ ದಾರಿಯನ್ನು ಕಾಯುವ ಜನ ನಾವು. ನೀರಿನ ಬೆಲೆಯನ್ನು ಬಲ್ಲವರು ಹಣ ತೆತ್ತೆವೆಂಬ ಮಾತ್ರಕ್ಕೆ ಅದನ್ನು ಮರೆಯುವುದು ಉಚಿತವೆ? ಪ್ಯಾಕೇಜಿನ ಹಣವು ಊಟಕ್ಕೆ, ಹಾಸಿಗೆಗೆ, ಹಡಗಿಗೆ ಸಲ್ಲುವುದು. ಆ ನೆಲದ ಕೆಳಗಿನ ತೆಳ್ಳನೆಯ ಸಿಹಿನೀರಿಗೆ ಬೆಲೆ ಕಟ್ಟಿದವರಿಲ್ಲ.

ಆದಕಾರಣ ಗೃಹಸ್ಥರು ಹೊರಡುವಾಗ ಪೆಟ್ಟಿಗೆಯಲ್ಲಿ ಒಂದು ಸಣ್ಣ ಚೊಂಬನ್ನು ಇಟ್ಟುಕೊಳ್ಳಲಿ. ಸ್ನಾನಕ್ಕೂ ಕಾಲು ತೊಳೆಯುವುದಕ್ಕೂ ಅದೇ ಅಳತೆಯಾಗಿರಲಿ. ಉಳಿದ ಸಾಮಾನು ಒಂದೆರಡು ಮರೆತರೂ ಚಿಂತೆಯಿಲ್ಲ.