ಅದೂ ಕಾಯಬೇಕು, ನೀನೂ ಕಾಯಬೇಕು

ನಮ್ಮ ಆಫೀಸಿನಲ್ಲಿ ಶುಕ್ರವಾರ ಮಧ್ಯಾಹ್ನದ ನಂತರ ಯಾರೂ ಸರ್ವರ್ ಮುಟ್ಟಬಾರದು ಎಂಬ ನಿಯಮವಿದೆ. ರಿಲೀಸ್ ಹತ್ತಿರ ಬಂದರೆ ಒಂದು ವಾರ ಮೊದಲೇ ‘ಫ್ರೀಜ್’. ಆ ನಿಯಮ ಬರೆದವನು ನಾನು. ಮುರಿದವರಿಗೆ ಖಾರವಾದ ಮೇಲ್ ಕಳಿಸುವವನೂ ನಾನೇ. ಹೋದ ಜುಲೈನ ಒಂದು ಶನಿವಾರ ರಾತ್ರಿ ಹತ್ತೂವರೆಗೆ, ಮಗಳ ಕಾಲೇಜು ಸಬ್ಮಿಷನ್‌ಗೆ ಒಂದೂವರೆ ದಿನ ಉಳಿದಿದ್ದಾಗ, ಅವಳ ಕಂಪ್ಯೂಟರಿನ ಬಯೋಸ್ ಅಪ್‌ಡೇಟ್ ಮಾಡಿದವನೂ ನಾನೇ.

ಮಗಳು ಪುಣೆಯಲ್ಲೇ ಆರ್ಕಿಟೆಕ್ಚರ್ ಮೂರನೆಯ ವರ್ಷ. ಆ ಕಂಪ್ಯೂಟರನ್ನು ಎರಡು ವರ್ಷದ ಹಿಂದೆ ನಾವಿಬ್ಬರೂ ವಾಕಡ್‌ನ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಚಾಪೆ ಹಾಸಿ ಕೂತು ಜೋಡಿಸಿದ್ದೆವು. ಆಗ ಹಾಕಿದ್ದು 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್ ಸ್ಟಿಕ್. ಅವಳ ಕಟ್ಟಡಗಳು ದೊಡ್ಡವಾಗುತ್ತ ಹೋದಂತೆ ಅದು ಸಾಲದಾಯಿತು. ಅದೇ ಕಂಪನಿಯ, ಅದೇ ನಂಬರಿನ ಇನ್ನೆರಡು ಸ್ಟಿಕ್ ತಂದು ಹಾಕಿದೆ. ಲೆಕ್ಕಕ್ಕೆ 64 ಜಿಬಿ ಆಯಿತು. ಆದರೆ ರೆಂಡರ್ ಶುರು ಮಾಡಿ ಅರ್ಧ ದಾರಿಗೆ ಬರುವಷ್ಟರಲ್ಲಿ ನೀಲಿ ಪರದೆ. ಒಂದೇ ವಾರದಲ್ಲಿ ಮೂರು ಸಲ.

ಮದರ್‌ಬೋರ್ಡಿನ ಹೊಸ ಫರ್ಮ್‌ವೇರ್ ಬಂದಿತ್ತು. ಅದರ ವಿವರದಲ್ಲಿ ಮೆಮೊರಿ ಹೊಂದಾಣಿಕೆ ಸುಧಾರಿಸಿದೆ ಎಂಬ ಒಂದು ಸಾಲಿತ್ತು. ಆ ಒಂದು ಸಾಲು ನನಗೆ ಸಾಕಾಯಿತು. ಮಗಳು ಕೋಣೆಯಲ್ಲಿ ಮಾಡೆಲಿಗೆ ರಟ್ಟು ಕತ್ತರಿಸುತ್ತಿದ್ದಳು. ಅವಳಿಗೆ ಹೇಳಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲ ಸರಿಯಾಗಿರಬೇಕು, ಅವಳು ಖುಷಿಪಡಬೇಕು ಎಂಬುದು ನನ್ನ ಲೆಕ್ಕ. ಹೊರಗೆ ಜೋರು ಮಳೆ. ಅಪ್‌ಡೇಟ್ ಮಧ್ಯೆ ಕರೆಂಟು ಹೋದರೆ ಬೋರ್ಡೇ ಕೆಡಬಹುದು ಎಂದು ಯುಪಿಎಸ್‌ಗೆ ಜೋಡಿಸಿದೆ. ಅಷ್ಟು ಜಾಗ್ರತೆ ಇತ್ತು. ದಿನ ಯಾವುದು ಎಂಬುದರ ಜಾಗ್ರತೆ ಮಾತ್ರ ಇರಲಿಲ್ಲ.

ನೂರು ಶೇಕಡಾ ಆಯಿತು. ತಾನೇ ರೀಸ್ಟಾರ್ಟ್ ಆಯಿತು. ಫ್ಯಾನುಗಳು ತಿರುಗಿದವು, ಪರದೆ ಕಪ್ಪಗೇ ಉಳಿಯಿತು. ಬೋರ್ಡಿನ ಮೂಲೆಯಲ್ಲಿ ನಾಲ್ಕು ಪುಟ್ಟ ದೀಪಗಳಿವೆ: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಯಾವ ಹಂತದಲ್ಲಿ ಕೆಲಸ ನಿಂತಿದೆಯೋ ಆ ದೀಪ ಉರಿಯುತ್ತದೆ. ಡಿರ‍್ಯಾಮ್‌ನದು ಹಳದಿಯಾಗಿ ಉರಿಯುತ್ತ ನಿಂತಿತು. ಎರಡು ನಿಮಿಷ ನೋಡಿದೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ. ಮತ್ತೆ ಆನ್. ಮತ್ತೆ ಅದೇ ಹಳದಿ ದೀಪ. ಮತ್ತೆ ಆಫ್. ಹೀಗೆ ನಾಲ್ಕು ಸಲ. ಪ್ರತಿ ಸಲವೂ ನನ್ನ ತಾಳ್ಮೆ ಅರ್ಧ ನಿಮಿಷ ಕಡಿಮೆಯಾಗುತ್ತಿತ್ತು.

ಫ್ಯಾನಿನ ಸದ್ದಿಗೋ ಏನೋ ಮಗಳು ಹೊರಗೆ ಬಂದಳು.

“ಅಪ್ಪಾ, ಯಾಕ ಚಾಲೂ ಆಗವಲ್ದು?”

ನಾನು ಹೇಳಿದ್ದು ನೆನಪಾದರೆ ಈಗಲೂ ನಾಚಿಕೆ. “ನೀ ಏನೇನೋ ಪ್ಲಗ್‌ಇನ್ ಹಾಕ್ಕೊಂಡು ಕೂತಿರ್ತಿ, ಇನ್ನೇನಾಗ್ತದ?” ಎಂದೆ. ಪ್ಲಗ್‌ಇನ್‌ಗೂ ಪರದೆಯೇ ಬಾರದ ಕಂಪ್ಯೂಟರಿಗೂ ಸಂಬಂಧವಿಲ್ಲವೆಂದು ಎಂಟೆಕ್ ಓದಿದ ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಟೇಬಲ್ ಮೇಲಿದ್ದ ಪೆನ್ ಡ್ರೈವ್ ನೋಡಿದಳು, ಬಿಚ್ಚಿದ ಕ್ಯಾಬಿನೆಟ್ ನೋಡಿದಳು.

“ಸಬ್ಮಿಷನ್ ಮುಂದಿದ್ದಾಗ ಏನೂ ಮುಟ್ಟಬಾರದು ಅಂತ ಹೇಳಾಂವ ನೀನ ಅಲ್ಲೇನು?”

ದನಿ ಏರಿಸಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಡುಗೆಮನೆಯಿಂದ ನನ್ನ ಹೆಂಡತಿ, “ತಪ್ಪು ಮಾಡಾಂವರು ನೀವು, ಬೈಸ್ಕೊಳ್ಳಾಕಿ ಆಕಿ” ಎಂದಳು. ನಾನು ಉತ್ತರ ಕೊಡಲಿಲ್ಲ.

ಹನ್ನೊಂದೂವರೆಗೆ ನೆಲದ ಮೇಲೆ ಕೂತು ಆ ಹಳದಿ ದೀಪವನ್ನೇ ನೋಡುತ್ತಿದ್ದಾಗ ಧಾರವಾಡದ ನಮ್ಮ ಮನೆಯ ವಾಲ್ವ್ ರೇಡಿಯೋ ನೆನಪಾಯಿತು. ಸ್ವಿಚ್ ತಿರುಗಿಸಿದರೆ ಮೊದಲು ಡಯಲಿನ ದೀಪ ಹತ್ತುತ್ತಿತ್ತು, ದನಿ ಬರಲು ಹೊತ್ತಾಗುತ್ತಿತ್ತು. ನನಗೆ ಅಷ್ಟು ಪುರಸೊತ್ತು ಎಲ್ಲಿ? ಬಂದ್ ಮಾಡಿ ಮತ್ತೆ ಹಚ್ಚುತ್ತಿದ್ದೆ. ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳುತ್ತಿದ್ದ, “ತಡಿಯೋ. ವಾಲ್ವ್ ಕಾಯಬೇಕು. ಅದೂ ಕಾಯಬೇಕು, ನೀನೂ ಕಾಯಬೇಕು.”

ಅಲ್ಲಿಗೆ ನನ್ನ ತಲೆ ಸ್ವಲ್ಪ ಕೆಲಸ ಮಾಡಿತು. ಮೆಮೊರಿ ಟ್ರೇನಿಂಗ್ ಎಂಬುದೊಂದು ಇದೆ. ಹೆಸರು ನಮ್ಮ ಎಚ್‌ಆರ್ ವಿಭಾಗದ್ದು ಅನ್ನಿಸಬಹುದು, ಕೆಲಸ ಬಹಳ ಸೂಕ್ಷ್ಮದ್ದು. 6000ದ ವೇಗದ ಡಿಡಿಆರ್5 ಸ್ಟಿಕ್‌ನಲ್ಲಿ ಒಂದೊಂದು ಡೇಟಾ ತಂತಿಯ ಮೇಲೆ ಸೆಕೆಂಡಿಗೆ 600 ಕೋಟಿ ಬಿಟ್ ಹರಿಯುತ್ತವೆ. ಒಂದು ಬಿಟ್‌ಗೆ ಸಿಗುವ ಹೊತ್ತಿನಲ್ಲಿ ಬೆಳಕು ಕೂಡ ನಿರ್ವಾತದಲ್ಲಿ ಹೋಗುವುದು ಸುಮಾರು 5 ಸೆಂಟಿಮೀಟರ್ ಅಷ್ಟೆ. ಬೋರ್ಡಿನ ತಾಮ್ರದ ಗೆರೆಯಲ್ಲಿ ಇನ್ನೂ ಕಡಿಮೆ. ಹಾಗಾಗಿ ಒಂದು ಗೆರೆ ಕೂದಲೆಳೆಯಷ್ಟು ಉದ್ದವಿದ್ದರೂ ವ್ಯತ್ಯಾಸ ಬೀಳುತ್ತದೆ. ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಗೊತ್ತಿರುವ ಬಿಟ್ ಸಾಲುಗಳನ್ನು ಬರೆದು, ತಿರುಗಿ ಓದಿ, ಸಮಯವನ್ನೂ ವೋಲ್ಟೇಜನ್ನೂ ಚೂರುಚೂರೇ ಸರಿಸುತ್ತ, ಯಾವ ತಂತಿಯನ್ನು ಯಾವ ಕ್ಷಣದಲ್ಲಿ ಓದಿದರೆ ತಪ್ಪಾಗುವುದಿಲ್ಲ ಎಂದು ಕಂಡುಹಿಡಿಯುತ್ತದೆ. ಆ ಉತ್ತರವನ್ನು ಬರೆದಿಟ್ಟುಕೊಂಡರೆ ಮರುದಿನ ಬೇಗ ಏಳಬಹುದು. ಫರ್ಮ್‌ವೇರ್ ಬದಲಿಸಿದಾಗ ಬರೆದಿಟ್ಟದ್ದು ಅಳಿಸುತ್ತದೆ. ಮತ್ತೆ ಮೊದಲಿನಿಂದ ಕಲಿಯಬೇಕು. ನಾಲ್ಕು ಸ್ಟಿಕ್ ಇದ್ದರೆ ಕಲಿಯುವುದು ಇನ್ನೂ ನಿಧಾನ. ಅಷ್ಟು ಹೊತ್ತೂ ಪರದೆ ಕಪ್ಪಗೇ ಇರುತ್ತದೆ, ಏಕೆಂದರೆ ಪರದೆಯ ಸರದಿ ಬರುವುದು ಮೆಮೊರಿ ಆದಮೇಲೆ.

ಅಂದರೆ ಅದು ಕಲಿಯುತ್ತಿತ್ತು. ನಾನು ನಾಲ್ಕು ಸಲ ಪಾಠದ ಮಧ್ಯೆ ಕಪಾಳಕ್ಕೆ ಹೊಡೆದಿದ್ದೆ.

ಆಮೇಲೆ ಕ್ರಮವಾಗಿ ಹೊರಟೆ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಒಳಗೆ ಉಳಿದ ವಿದ್ಯುತ್ತನ್ನು ಖಾಲಿ ಮಾಡಿದೆ. ಬೋರ್ಡಿನ ಗುಂಡು ಬ್ಯಾಟರಿ, ಸಿಆರ್2032, ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದೆ. ಬಯೋಸ್‌ನ ಸೆಟ್ಟಿಂಗುಗಳೆಲ್ಲ ಮೂಲಸ್ಥಿತಿಗೆ ಬರಲಿ ಎಂದು. ನಾಲ್ಕೂ ಸ್ಟಿಕ್ ತೆಗೆದು ಹಳೆಯದೊಂದನ್ನು ಮಾತ್ರ ಪ್ರೊಸೆಸರ್‌ನಿಂದ ಎರಡನೆಯ ಸ್ಲಾಟಿನಲ್ಲಿ ಕೂರಿಸಿದೆ. ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಮೊದಲ ಸ್ಟಿಕ್‌ನ ಜಾಗ ಅದೇ, ಮೊದಲನೆಯ ಸ್ಲಾಟ್ ಅಲ್ಲ. ಟಕ್ ಎನ್ನುವ ತನಕ ಒತ್ತಿದೆ. ಆನ್ ಮಾಡಿ ಮೊಬೈಲಿನಲ್ಲಿ ಹದಿನೈದು ನಿಮಿಷದ ಅಲಾರಂ ಇಟ್ಟೆ. ಕೈ ಮತ್ತೆ ಬಟನ್ ಕಡೆ ಹೋಗಬಾರದೆಂದು ಬಾಲ್ಕನಿಗೆ ಹೋಗಿ ನಿಂತೆ.

ಅಲಾರಂ ಹೊಡೆಯಲಿಲ್ಲ. “ಅಪ್ಪಾ, ಬಂತು” ಎಂದು ಮಗಳು ಕರೆದಳು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ. ಆರು ನಿಮಿಷ ಆಗಿತ್ತು. ಸೆಟ್ಟಿಂಗುಗಳು ಅಳಿಸಿವೆ, ಎಫ್1 ಒತ್ತಿ ಎಂಬ ಸಾಲು ಪರದೆಯ ಮೇಲಿತ್ತು. ಅಷ್ಟು ಚಂದದ ಎಚ್ಚರಿಕೆಯನ್ನು ನಾನು ಎಂದೂ ಓದಿರಲಿಲ್ಲ.

ಖುಷಿ ಒಂದು ನಿಮಿಷದ್ದು. ಮುಂದಿನ ಪರದೆ ಬಿಟ್‌ಲಾಕರ್‌ನ 48 ಅಂಕಿಯ ಕೀ ಕೇಳಿತು. ಡಿಸ್ಕಿಗೆ ಬೀಗ ಹಾಕಿದ್ದರೆ ಫರ್ಮ್‌ವೇರ್ ಬದಲಾದಾಗ ಯಾರೋ ಯಂತ್ರ ತಿದ್ದಿದ್ದಾರೆಂದು ಅನುಮಾನಪಟ್ಟು ಹೀಗೆ ಕೇಳಬಹುದು. ಅಪ್‌ಡೇಟಿಗೆ ಮೊದಲು ಆ ಬೀಗವನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕಿತ್ತು. ಅದನ್ನೂ ಮರೆತಿದ್ದೆ. ಆ ಬೀಗದ ಹಿಂದೆ ಅವಳ ಇಡೀ ಸೆಮಿಸ್ಟರ್ ಇತ್ತು. ನನ್ನ ಕೈ ತಣ್ಣಗಾಯಿತು.

ಮಗಳು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಫೈಲ್ ತಂದಳು. ಆಧಾರ್ ಕಾಪಿ, ಹಾಲ್ ಟಿಕೆಟ್, ಅವುಗಳ ಹಿಂದೆ ಕೀ ಪ್ರಿಂಟ್ ಮಾಡಿದ ಹಾಳೆ. “ನೀನ ಹೇಳಿದ್ದಿ, ಪ್ರಿಂಟ್ ತಗದಿಡು ಅಂತ” ಎಂದಳು. ಅಂಕಿಗಳನ್ನು ಆರಾರಾಗಿ ಓದಿದಳು, ನಾನು ಒತ್ತುತ್ತ ಹೋದೆ. ಆಮೇಲೆ, “ಡ್ರಾಯಿಂಗ್ ಎಲ್ಲಾ ಸಂಜಿಗೇ ಹೊರಗಿನ ಡ್ರೈವ್‌ಗೆ ಹಾಕೀನಿ, ಹೆದರಬ್ಯಾಡ” ಎಂದಳು.

ನಾನು ಮನೆಯಲ್ಲಿ ಕೊಟ್ಟ ಉಪದೇಶವನ್ನೆಲ್ಲ ಒಬ್ಬಳು ಸುಮ್ಮನೆ ಪಾಲಿಸಿಕೊಂಡು ಬಂದಿದ್ದಳು. ಪಾಲಿಸದವನು ಅವಳ ಮೇಲೆ ಕೂಗಿದ್ದ. “ತಪ್ಪಾತು, ಮಗಾ” ಎಂದೆ. ಆಫೀಸಿನಲ್ಲಿ ಇದೇ ಮಾತನ್ನು ಮೂರು ಪ್ಯಾರಾದಲ್ಲಿ, ಯಾರ ತಪ್ಪೆಂದು ತಿಳಿಯದ ಹಾಗೆ ಬರೆಯುವ ಅಭ್ಯಾಸ ನನಗಿದೆ. “ಇರ್ಲಿ” ಎಂದು ಚಹಾ ಇಡಲು ಹೋದಳು. ಹಳೆಯ ಎರಡು ಸ್ಟಿಕ್ ಮೇಲೆ ಭಾನುವಾರವಿಡೀ ಕೆಲಸ ಮಾಡಿ ಸೋಮವಾರ ಹತ್ತಕ್ಕೆ ಸಬ್ಮಿಟ್ ಮಾಡಿ ಬಂದಳು.

ಮುಂದಿನ ಶನಿವಾರ, ಅವಳ ಅಪ್ಪಣೆ ಪಡೆದು, ನಾಲ್ಕೂ ಸ್ಟಿಕ್ ಹಾಕಿ ಕಾದೆ. ಹನ್ನೊಂದು ನಿಮಿಷಕ್ಕೆ ಪರದೆ ಬಂತು. ತಾನಾಗಿ ಆರಿಸಿಕೊಂಡ ವೇಗ 3600. ರಾತ್ರಿಯಿಡೀ ಮೆಮ್‌ಟೆಸ್ಟ್86 ಓಡಿಸಿದೆ, ಒಂದೂ ತಪ್ಪಿಲ್ಲ. ಎಕ್ಸ್‌ಪೋ ಪ್ರೊಫೈಲ್ ಹಾಕಿ 6000ಕ್ಕೆ ಏರಿಸಿದರೆ ಕೆಂಪು ಸಾಲುಗಳ ಮಳೆ. ಆ ವೇಗದ ಭರವಸೆ ಒಂದು ಜೋಡಿಗೆ ಕೊಟ್ಟದ್ದು. ಎರಡು ಜೋಡಿ ಸೇರಿಸಿದರೆ, ನಂಬರ್ ಒಂದೇ ಆದರೂ, ಅದು ಅನ್ವಯಿಸುವುದಿಲ್ಲ. ನೀಲಿ ಪರದೆಗಳ ಮೂಲ ಅದು. ಫರ್ಮ್‌ವೇರ್ ಮುಟ್ಟುವ ಅಗತ್ಯವೇ ಇರಲಿಲ್ಲ, ವೇಗ ಇಳಿಸಿದ್ದರೆ ಸಾಕಿತ್ತು.

“ಎರಡು ಸ್ಟಿಕ್ ಇಟ್ಟು ವೇಗ ಬೇಕೋ, ನಾಲ್ಕಿಟ್ಟು ಜಾಗ ಬೇಕೋ?” ಎಂದು ಕೇಳಿದೆ.

“ಸಾವಕಾಶ ಆದ್ರೂ ನಡೀತದ ಅಪ್ಪಾ, ನಡುವ ನಿಲ್ಲಬಾರದು” ಎಂದಳು. 3600ಕ್ಕೇ ಬಿಟ್ಟೆವು.

ಈಗ ಆ ಕ್ಯಾಬಿನೆಟ್ಟಿನ ಪಕ್ಕದಲ್ಲಿ ಒಂದು ಹಳದಿ ಚೀಟಿ ಅಂಟಿಸಿದೆ. ಅವಳ ಅಕ್ಷರ, ಕನ್ನಡದಲ್ಲೇ, ಎರಡು ಕಾಗುಣಿತ ತಪ್ಪಿನೊಂದಿಗೆ: ಸಬ್ಮಿಷನ್ ವಾರದಲ್ಲಿ ಅಪ್ಪ ಮುಟ್ಟುವಂತಿಲ್ಲ. ಕಾಗುಣಿತ ತಿದ್ದಲು ನಾನು ಹೋಗಿಲ್ಲ.